ಶಿವನೇರಿಯ ಮಾಕಡಿ

ಪುಣೆಯಿಂದ ಉತ್ತರಾಭಿಮುಖವಾಗಿ ಜುನ್ನರದ ಕಡೆಗೆ ಪಯಣಿಸುವವನ ಕಣ್ಣಿಗೆ ಅಲ್ಲಿಯ ಗಿರಿಶ್ರೇಣಿಗಳು ನಮ್ಮ ಮೈಸೂರು ಸೀಮೆಯ ದುಂಡನೆಯ ಕಲ್ಲುಬೆಟ್ಟಗಳಂತೆ ತೋರುವುದಿಲ್ಲ. ಅವು ಹಂತಹಂತವಾಗಿ ಏರಿ, ಒಂದೊಂದು ಹಂತದಲ್ಲಿಯೂ ನೆಟ್ಟಗೆ ನಿಂತ ಕರಿಗೋಡೆಯನ್ನು ತೋರಿಸಿ, ತುದಿಯಲ್ಲಿ ಮಟ್ಟಸವಾದ ಬಯಲಾಗಿ ಮುಗಿಯುತ್ತವೆ. ಸುಮಾರು 6.5 ಕೋಟಿ ವರ್ಷಗಳ ಹಿಂದೆ ಭೂಗರ್ಭದಿಂದ ಹೊರಚೆಲ್ಲಿದ ಲಾವಾರಸವು ಪ್ರವಾಹದ ಮೇಲೆ ಪ್ರವಾಹವಾಗಿ ಹರಡಿ ಹೆಪ್ಪುಗಟ್ಟಿದ ನೆಲವದು. ಆ ಪದರಗಳಲ್ಲಿ ಗಟ್ಟಿಯಾದುದು ಮಳೆಗಾಳಿಗಳಿಗೆ ಜಗ್ಗದೆ ಗೋಡೆಯಾಗಿ ನಿಂತಿತು, ಮೆದುವಾದುದು ಸವೆದು ಇಳಿಜಾರಾಯಿತು. ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರಗಳ ಕರಿಗಲ್ಲು ಇದೇ ಲಾವಾ ಹಾಸಿನ ದಕ್ಷಿಣದ ಅಂಚು. ದುರ್ಗ ಕಟ್ಟುವವನಿಗೆ ಇಂಥ ಬೆಟ್ಟಕ್ಕಿಂತ ಅನುಕೂಲವಾದುದು ಬೇರೊಂದಿಲ್ಲ. ಕೋಟೆಯ ಮುಕ್ಕಾಲು ಭಾಗವನ್ನು ಪ್ರಕೃತಿಯೇ ಕಟ್ಟಿಕೊಟ್ಟಿರುವಲ್ಲಿ, ಗೋಡೆ ಮುರಿದು ಕಣಿವೆ ಬಿದ್ದ ಕಡೆ ನಾಲ್ಕು ಸಾಲು ಕಲ್ಲು ಪೇರಿಸಿ, ಏರುದಾರಿಗೆ ಬಾಗಿಲುಗಳನ್ನಿಟ್ಟರೆ ಕೆಲಸ ತೀರಿತು. ಶಿವನೇರಿ, ಪುರಂದರ, ವಜ್ರಗಡ ಮೊದಲಾದ ಗಿರಿದುರ್ಗಗಳೆಲ್ಲ ಹೀಗೆ ಬಹುಪಾಲು ನಿಸರ್ಗದವು, ಉಳಿದಷ್ಟು ಮನುಷ್ಯನವು.

ಈ ಕಡಿದಾದ ಗೋಡೆಗಳನ್ನು ಮನುಷ್ಯನಿಗಿಂತ ಬಹುಪೂರ್ವದಲ್ಲಿಯೇ ಆಶ್ರಯವಾಗಿ ಆರಿಸಿಕೊಂಡ ಒಂದು ಸಸ್ಯವುಂಟು. ಬಂಡೆಯ ಬಿರುಕಿನಲ್ಲಿ, ಒಂದು ಹಿಡಿಯಷ್ಟೂ ಮಣ್ಣಿಲ್ಲದ ಎಡೆಯಲ್ಲಿ ಬೇರೂರಿ, ಕಿರುಬೆರಳ ಗಾತ್ರದ ಬೂದುಹಸಿರಿನ ರಸಭರಿತ ಕಾಂಡಗಳನ್ನು ಕೆಳಕ್ಕೆ ಇಳಿಬಿಟ್ಟು ತೂಗುವ ಈ ಗಿಡ ಹಿಂಗಾರಿನ ಹೊತ್ತಿಗೆ ಒಣಗಿದ ಹಗ್ಗದ ಚೂರುಗಳಂತೆ ಕಾಣುವುದರಿಂದ, ಅದನ್ನು ಬಲ್ಲವನಲ್ಲದೆ ಬೇರೆಯವನು ಎರಡನೆಯ ಸಲ ತಿರುಗಿ ನೋಡುವಂತಿಲ್ಲ. ಮುಂಗಾರು ಬಿದ್ದೊಡನೆ ಅದೇ ಕಾಂಡದ ತುದಿಗಳಲ್ಲಿ ದಪ್ಪನಾದ, ನೀಳವೃತ್ತದ ಎಲೆಗಳು ಮೂಡುತ್ತವೆ. ಮಳೆ ಹಿಂಜರಿಯುವ ಭಾದ್ರಪದ ಆಶ್ವಯುಜಗಳಲ್ಲಿ ಗಿಣ್ಣುಗಳಲ್ಲಿ ಒಂದೊಂದಾಗಿ ಐದೆಸಳಿನ ನಕ್ಷತ್ರಾಕಾರದ ಹೂಗಳು ಅರಳುತ್ತವೆ. ಹೂವಿನ ಅಗಲ ಒಂದಂಗುಲಕ್ಕೂ ಕಡಿಮೆ; ಬಣ್ಣ ಮಾತ್ರ ಹೆಪ್ಪುಗಟ್ಟಿದ ನೆತ್ತರಿನದು, ಅದರ ಮೇಲೆ ಹಳದಿಯ ಗೀರುಗಳು, ಎಸಳಿನ ಅಂಚಿನಲ್ಲಿ ಸಣ್ಣ ರೋಮಗಳು. ಸಸ್ಯಶಾಸ್ತ್ರಜ್ಞರು ಇದನ್ನು ಫ್ರೀರಿಯಾ ಇಂಡಿಕಾ ಎಂದು ಕರೆದರು. ಸುತ್ತಲ ಮರಾಠಿ ಜನ ಇದರ ಕುಲದ ಗಿಡಗಳಿಗೆಲ್ಲ ಹೇಳುವಂತೆ ಇದನ್ನೂ ಮಾಕಡಿಯೆಂದರು, ಶಿಂದಳ ಮಾಕಡಿಯೆಂದರು; ಶಿವಾಜಿಯ ಜನ್ಮಭೂಮಿಯ ಹೂವೆಂಬ ಅಭಿಮಾನದಿಂದ ಶಿವಸುಮನವೆಂಬ ಹೆಸರು ಈಚೆಗೆ ಬಳಕೆಗೆ ಬಂದಿದೆ.

ಶಿವನೇರಿಯ ಬುಡದಲ್ಲಿರುವ ಆ ಜುನ್ನರ ಸಾಮಾನ್ಯವಾದ ಊರಲ್ಲ. ಕೊಂಕಣದ ಬಂದರುಗಳಿಂದ ಘಟ್ಟದ ಮೇಲಣ ಪ್ರತಿಷ್ಠಾನಕ್ಕೆ ಹೋಗುವ ಸಾರ್ಥಗಳು ನಾಣೆಘಾಟಿನ ಕಣಿವೆಯನ್ನು ಹತ್ತಿ ಇಲ್ಲಿಗೆ ಬರುತ್ತಿದ್ದವು. ಆ ಘಾಟಿನ ಗುಹೆಯಲ್ಲಿ ಸಾತವಾಹನರ ರಾಣಿ ನಾಗನಿಕೆಯ ಕಾಲದ ಶಾಸನ ಇಂದಿಗೂ ಇದೆ. ಊರ ಸುತ್ತಣ ಬೆಟ್ಟಗಳಲ್ಲಿ ಬೌದ್ಧರು ಕೊರೆದ ಗುಹೆಗಳು ನೂರನ್ನು ಮೀರುತ್ತವೆ. ಶಿವನೇರಿಯ ಬಂಡೆಯಲ್ಲಿಯೇ ಹಲವಿವೆ. ಉಳಿಯ ಪೆಟ್ಟಿಗೆ ಆ ಗೋಡೆಯ ಮೇಲೆ ಮೊದಲು ಜೋತುಬಿದ್ದ ಮನುಷ್ಯ ಆ ಕಲ್ಲುಕುಟಿಗನೇ ಇರಬೇಕು, ಮಾಕಡಿಯ ಹೂವನ್ನು ಸಮೀಪದಿಂದ ಕಂಡವನೂ ಅವನೇ ಇರಬೇಕು. 15ನೆಯ ಶತಮಾನದ ಕೊನೆಯಲ್ಲಿ ಬಹಮನಿಗಳಿಂದ ಬಿಡಿಸಿಕೊಂಡು ಸ್ವತಂತ್ರನಾದ ಮಲಿಕ್ ಅಹಮದನಿಗೆ ಜುನ್ನರವೇ ನೆಲೆಯಾಯಿತು, ಅಹಮದ್‌ನಗರದ ನಿಜಾಮಶಾಹಿಗೆ ಅಲ್ಲಿಂದಲೇ ಬುನಾದಿ ಬಿತ್ತು. 1630ರಲ್ಲಿ, ದಖ್ಖಣವೆಲ್ಲ ಯುದ್ಧದಿಂದಲೂ ಬರಗಾಲದಿಂದಲೂ ತತ್ತರಿಸುತ್ತಿದ್ದಾಗ, ಜೀಜಾಬಾಯಿ ಶಿವನೇರಿಯಲ್ಲಿ ಶಿವಾಜಿಯನ್ನು ಹೆತ್ತಳು. ಆತನ ತಂದೆ ಶಾಹಜಿ ಮುಂದೆ ಬಿಜಾಪುರದ ಆದಿಲಶಾಹಿಯ ಸೇವೆಗೆ ಸೇರಿ ಬೆಂಗಳೂರನ್ನು ಜಹಗೀರಾಗಿ ಪಡೆದು ನಮ್ಮ ನಾಡಿನ ಇತಿಹಾಸದೊಳಗೆ ಬಂದುದು ಕನ್ನಡಿಗರೆಲ್ಲ ಬಲ್ಲ ಸಂಗತಿ. ವಿಚಿತ್ರವೆಂದರೆ, ನೂರಾರು ಕೋಟೆಗಳನ್ನು ಗೆದ್ದ, ಕಟ್ಟಿದ ಆ ಮಹಾಪುರುಷನಿಗೆ ತಾನು ಹುಟ್ಟಿದ ಕೋಟೆ ಮಾತ್ರ ಜೀವಮಾನದುದ್ದಕ್ಕೂ ಕೈಗೆ ಬರಲಿಲ್ಲ; ಅದು ಮೊಗಲರ ವಶದಲ್ಲಿಯೇ ಉಳಿಯಿತು. 1675ರ ಸುಮಾರಿಗೆ ಮೊಗಲ ಅಧಿಕಾರಿಯ ಮನೆಯವರ ಚಿಕಿತ್ಸೆಗೆಂದು ಜುನ್ನರಕ್ಕೆ ಬಂದ ಇಂಗ್ಲಿಷ್ ವೈದ್ಯ ಜಾನ್ ಫ್ರೈಯರ್ ತನ್ನ ಪ್ರವಾಸಗ್ರಂಥದಲ್ಲಿ ಆ ಊರನ್ನೂ ಕೋಟೆಯನ್ನೂ ವಿಸ್ತಾರವಾಗಿ ವರ್ಣಿಸಿದ್ದಾನೆ. ಮಾಕಡಿಯ ಇನ್ನೊಂದು ನೆಲೆಯಾದ ವಜ್ರಗಡದ ಕಥೆಯೂ ಇಷ್ಟೇ ರೋಚಕ: 1665ರಲ್ಲಿ ಮೊಗಲ ಸೇನಾಪತಿಗಳಾದ ಜಯಸಿಂಹ ದಿಲೇರಖಾನರ ಫಿರಂಗಿಗಳು ಮೊದಲು ಉರುಳಿಸಿದ್ದು ಆ ಪುಟ್ಟ ದುರ್ಗವನ್ನು. ಅಲ್ಲಿಂದ ಪುರಂದರದ ಮೇಲೆ ಗುರಿಯಿಡುವುದು ಸುಲಭವಾದುದರಿಂದ ಶಿವಾಜಿ 23 ಕೋಟೆಗಳನ್ನು ಬಿಟ್ಟುಕೊಟ್ಟು ಒಪ್ಪಂದಕ್ಕೆ ಬರಬೇಕಾಯಿತು.

1818ರಲ್ಲಿ ಪೇಶ್ವೆಯ ಆಳ್ವಿಕೆ ಮುಗಿದು ಕುಂಪಣಿಯ ಧ್ವಜ ಏರಿದ ಬಳಿಕ ಕೋಟೆಗಳಿಗೆ ಕೆಲಸವಿಲ್ಲದಂತಾಯಿತು. ಬೆಟ್ಟ ಹತ್ತುವವರು ಸಿಪಾಯಿಗಳಲ್ಲ, ದನಗಾಹಿಗಳು ಮತ್ತು ಸಸ್ಯಸಂಗ್ರಾಹಕರು. ಪುಣೆಯ ಸಮೀಪದ ದಾಪೂಡಿಯಲ್ಲಿ ಸರಕಾರ ಒಂದು ಸಸ್ಯೋದ್ಯಾನವನ್ನು ತೆರೆದಿತ್ತು. ಅದರ ಮೇಲ್ವಿಚಾರಕನಾಗಿದ್ದ ಸ್ಕಾಟ್ಲೆಂಡಿನ ವೈದ್ಯ ಅಲೆಕ್ಸಾಂಡರ್ ಗಿಬ್ಸನ್ ಜುನ್ನರದ ಸಮೀಪದ ಹಿವರೆಯಲ್ಲಿಯೂ ಒಂದು ತೋಟವನ್ನು ನಡೆಸುತ್ತಿದ್ದನು. ಆಸ್ಪತ್ರೆಗಳಿಗೆ ಬೇಕಾದ ಔಷಧದ ಗಿಡಗಳು ಅಲ್ಲಿ ಬೆಳೆಯುತ್ತಿದ್ದವು. ದಾಪೂಡಿಯ ತೋಟದ ಗಿಡಗಳನ್ನು ಗಿಬ್ಸನ್ ಭಾರತೀಯ ಚಿತ್ರಕಾರನೊಬ್ಬನ ಕೈಯಲ್ಲಿ ಬರೆಯಿಸಿದ ಅಪೂರ್ವ ಚಿತ್ರಸಂಪುಟ ಈಗ ಎಡಿನ್‌ಬರೋದಲ್ಲಿದೆ. ಬರೆಯಿಸಿದವನ ಹೆಸರು ಉಳಿದಿದೆ, ಬರೆದವನ ಹೆಸರು ಉಳಿದಿಲ್ಲ. ಆ ಕಾಲದ ರೂಢಿಯೇ ಹಾಗೆ. ಗಿಬ್ಸನ್ ಮುಂಬಯಿ ಪ್ರಾಂತದ ಮೊದಲ ಅರಣ್ಯ ಸಂರಕ್ಷಕನಾದನು. ಅವನ ಅನಂತರ ಆ ಪದವಿಗೆ ಬಂದವನು ನಿಕೋಲ್ ಅಲೆಕ್ಸಾಂಡರ್ ಡಾಲ್ಜೆಲ್. ಎಡಿನ್‌ಬರೋದಲ್ಲಿ ಹುಟ್ಟಿ, 1841ರಲ್ಲಿ ಮುಂಬಯಿಗೆ ಬಂದು, ಸುಂಕದ ಇಲಾಖೆಯಲ್ಲಿ ಸೇವೆ ಆರಂಭಿಸಿದ ಈ ಮನುಷ್ಯ, ಬಿಡುವಿನ ವೇಳೆಯನ್ನೆಲ್ಲ ಗಿಡಗಳಿಗೆ ಮುಡಿಪಿಟ್ಟು, 1861ರಲ್ಲಿ ಗಿಬ್ಸನ್ನನೊಡನೆ ಮುಂಬಯಿ ಪ್ರಾಂತದ ಸಸ್ಯಗಳ ಮೊದಲ ಸಮಗ್ರ ಗ್ರಂಥವನ್ನು ಪ್ರಕಟಿಸಿದನು. ಆಗ ಧಾರವಾಡ ಬೆಳಗಾವಿಗಳೂ ಮುಂಬಯಿಗೇ ಸೇರಿದ್ದುದರಿಂದ ನಮ್ಮ ಉತ್ತರ ಕರ್ನಾಟಕದ ಸಸ್ಯಸಂಪತ್ತಿಗೂ ಅದೇ ಆದಿಗ್ರಂಥ.

ಆದರೆ ಶಿವನೇರಿಯ ಮಾಕಡಿ ಆ ಗ್ರಂಥದಲ್ಲಿಲ್ಲ. ಹಿವರೆಯ ತೋಟದ ಬೇಲಿಯಾಚೆಗೆ, ಕಣ್ಣಳತೆಯ ದೂರದ ಬಂಡೆಗಳ ಮೇಲೆ ತೂಗುತ್ತಿದ್ದ ಗಿಡವನ್ನು ಡಾಲ್ಜೆಲ್ ಗುರುತಿಸಿ, ಇದುವರೆಗೆ ಲೋಕವರಿಯದ ಹೊಸ ಕುಲವೆಂದು ಲಂಡನ್ನಿನ ಲಿನೀಯನ್ ಸಂಘದ ಪತ್ರಿಕೆಯಲ್ಲಿ ಸಾರಿದುದು ಪುಸ್ತಕ ಅಚ್ಚಾದ ಮೇಲೆ, 1865ರ ಸಂಪುಟದಲ್ಲಿ. ಹಿಂದೂದೇಶದ ಬೇರೆ ಭಾಗಗಳಲ್ಲಾಗಲಿ, ಹೊರಗಾಗಲಿ ಅಂಥದೊಂದು ಗಿಡ ಕಂಡುದಿಲ್ಲವಾದುದರಿಂದ ಅದಕ್ಕೆ ಪ್ರತ್ಯೇಕ ಹೆಸರು ಬೇಕಾಯಿತು. ಅಂದಿನ ಮುಂಬಯಿಯ ಗವರ್ನರ್ ಸರ್ ಬಾರ್ಟಲ್ ಫ್ರಿಯರನ ಗೌರವಾರ್ಥವಾಗಿ ಡಾಲ್ಜೆಲ್ ಅದನ್ನು ಫ್ರೀರಿಯಾ ಎಂದನು.

ಈ ನಾಮಕರಣದಲ್ಲಿ ಅಡಗಿರುವ ವಿನೋದವನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಾಗದು. ಕೋಟೆಗೋಡೆಯೇ ಪ್ರಾಣಾಧಾರವಾದ ಈ ಗಿಡಕ್ಕೆ ಯಾವನ ಹೆಸರು ಬಂದಿತೋ ಅವನೇ ಮುಂಬಯಿಯ ಕೋಟೆಯ ಗೋಡೆಗಳನ್ನು ಕೆಡವಿಸಿದವನು. 1862ರಿಂದ 1867ರವರೆಗೆ ಗವರ್ನರನಾಗಿದ್ದ ಫ್ರಿಯರ್, ಉಸಿರುಗಟ್ಟುತ್ತಿದ್ದ ನಗರಕ್ಕೆ ಎಡೆ ಮಾಡಿಕೊಡಲು ಆ ಪ್ರಾಕಾರವನ್ನು ನೆಲಸಮ ಮಾಡಿಸಿದನು. ಕೋಟೆಯ ಚರ್ಚ್‌ಗೇಟಿದ್ದ ಎಡೆಯಲ್ಲಿ ಒಂದು ಕಾರಂಜಿ ಎದ್ದಿತು. ಅದಕ್ಕೆ ಫ್ರಿಯರನ ಹೆಸರನ್ನೇ ಇಡಬೇಕೆಂಬ ಯೋಚನೆಯಿತ್ತಂತೆ. ಕೊನೆಗೆ ಹೂಗಳ ರೋಮನ್ ದೇವತೆಯಾದ ಫ್ಲೋರಾಳ ಹೆಸರು ನಿಂತಿತು. ಹೀಗೆ ಗವರ್ನರನ ಕಾರಂಜಿ ಹೂದೇವಿಯ ಪಾಲಾಯಿತು, ಬೆಟ್ಟದ ಹೂವು ಗವರ್ನರನ ಪಾಲಾಯಿತು. ಮುಂದೆ 1877ರಲ್ಲಿ ಈತನು ದಕ್ಷಿಣ ಆಫ್ರಿಕಕ್ಕೆ ಹೈಕಮಿಷನರನಾಗಿ ಹೋಗಿ, 1879ರ ಜುಲೂ ಯುದ್ಧದ ಹೊಣೆ ಹೊತ್ತು, ಅಪಕೀರ್ತಿಯೊಡನೆ ಹಿಂದಕ್ಕೆ ಕರೆಸಲ್ಪಟ್ಟನು. ಅದೇ ದಕ್ಷಿಣ ಆಫ್ರಿಕವೇ ಮಾಕಡಿಯ ಬಂಧುಬಳಗದ ದೊಡ್ಡ ಮನೆ.

ಆ ಬಳಗದ ವಿಷಯವನ್ನು ಇಲ್ಲಿ ಸ್ವಲ್ಪ ಹೇಳಬೇಕು. 1624ರಲ್ಲಿ ಜಾವಾದ್ವೀಪಕ್ಕೆ ಹೊರಟಿದ್ದ ಹಾಲೆಂಡಿನ ಪಾದ್ರಿ ಯುಸ್ಟಸ್ ಹರ್ನಿಯಸ್ ಆಫ್ರಿಕದ ಕೊನೆಯ ಭೂಶಿರದಲ್ಲಿ ಹಡಗು ನಿಂತಾಗ ಅಲ್ಲಿಯ ಕಲ್ಲುಗಳ ನಡುವೆ ಚುಕ್ಕಿಚುಕ್ಕಿಯ ನಕ್ಷತ್ರದಂಥ, ಕೊಳೆತ ಮಾಂಸದ ನಾತವುಳ್ಳ ಹೂವೊಂದನ್ನು ಕಂಡು ಚಿತ್ರಿಸಿಕೊಂಡನು. ಲಿನೀಯಸನು ಆ ಕುಲವನ್ನು ಸ್ಟೇಪೀಲಿಯಾ ಎಂದು ಕರೆದನು. 18ನೆಯ ಶತಮಾನದ ಅಂತ್ಯದಲ್ಲಿ ಕ್ಯೂ ಉದ್ಯಾನದ ಸಂಗ್ರಾಹಕ ಫ್ರಾನ್ಸಿಸ್ ಮ್ಯಾಸನ್ ಈ ಗಿಡಗಳಿಗೇ ಮೀಸಲಾದ ಸಚಿತ್ರ ಗ್ರಂಥವನ್ನು ತಂದಮೇಲೆ ಯುರೋಪಿನ ಗಾಜಿನ ಮನೆಗಳಲ್ಲಿ ಅವಕ್ಕೆ ಆಸ್ಥಾನ ದೊರೆಯಿತು. ನಾತ ನೊಣಗಳಿಗಾಗಿ. ಮೊಟ್ಟೆಯಿಡಲು ಮಾಂಸವನ್ನು ಹುಡುಕಿ ಬಂದ ನೊಣದ ಕಾಲಿಗೋ ಸೊಂಡಿಲಿಗೋ ಪರಾಗದ ಪುಟ್ಟ ಚೀಲ ಸಿಕ್ಕಿಕೊಂಡು ಇನ್ನೊಂದು ಹೂವಿಗೆ ಸಾಗುತ್ತದೆ. ಭಾರತದಲ್ಲಿ ಈ ಬಳಗದವು ಕೆಲವೇ. ಅವುಗಳಲ್ಲಿ ಒಂದೆರಡು ನಮ್ಮ ಬಯಲುಸೀಮೆಯ ಕಲ್ಲುಗುಡ್ಡಗಳಲ್ಲಿ, ಕಳ್ಳಿಯ ಮೆಳೆಗಳ ನೆರಳಿನಲ್ಲಿ ನಾಲ್ಕು ಏಣಿನ ಕಾಂಡಗಳನ್ನೆತ್ತಿ ನಿಂತಿರುತ್ತವೆ. ಕೋರಮಂಡಲದ ಸಸ್ಯಗಳನ್ನು ವರ್ಣಿಸಿದ ರಾಕ್ಸ್‌ಬರ್ಗ್ ತೆಲುಗರ ಬಾಯಿಂದ ಕೇಳಿದ ಕಾರಲ್ಲಮ್ ಎಂಬ ಹೆಸರೇ ಇಂದು ಕ್ಯಾರಲ್ಲೂಮವೆಂದು ಲೋಕಪ್ರಸಿದ್ಧವಾಗಿದೆ. ದಖ್ಖಣದ ಒಣನಾಡುಗಳಲ್ಲಿ ದನಗಾಹಿಗಳು ಇದರ ಎಳೆಯ ಕಾಂಡವನ್ನು ಉಪ್ಪು ಹಚ್ಚಿ ಹಸಿಯಾಗಿ ತಿನ್ನುವುದೂ, ಬರಗಾಲದಲ್ಲಿ ಅದನ್ನೇ ಪಲ್ಯ ಮಾಡುವುದೂ ಹಿಂದಿನಿಂದ ಬಂದ ರೂಢಿ.

ಆ ಇಡೀ ಬಳಗ ಎಲೆಯನ್ನು ಬಿಟ್ಟುಕೊಟ್ಟಿದೆ. ಎಲೆಯೆಂದರೆ ನೀರು ಆರಿಹೋಗುವ ಬಾಗಿಲು. ಮರುಭೂಮಿಯ ಬದುಕಿಗೆ ಅದು ಹೊರೆ. ಆದುದರಿಂದ ಕಾಂಡವೇ ಹಸಿರಾಗಿ ಎಲೆಯ ಕೆಲಸವನ್ನೂ ಮಾಡುತ್ತದೆ, ಎಲೆಯಿದ್ದ ಕಡೆ ಒಂದು ಹಲ್ಲೋ ಚುಕ್ಕೆಯೋ ಉಳಿದಿರುತ್ತದೆ. ಮಾಕಡಿ ಮಾತ್ರ ದೊಡ್ಡ ಎಲೆಗಳನ್ನು ಇಟ್ಟುಕೊಂಡಿದೆ. ಡಾಲ್ಜೆಲನು ಅದಕ್ಕೆ ಬೇರೆ ಕುಲವನ್ನೇ ಕಟ್ಟಲು ಇದೇ ಮುಖ್ಯ ಕಾರಣ. ಎಲೆಯೊಂದನ್ನು ಮರೆತು ಹೂವನ್ನು ನೋಡಿದರೆ ನೆಂಟಸ್ತನ ಸ್ಪಷ್ಟವಾಗಿ ಕಾಣುತ್ತದೆಂದು ಅನಂತರದವರು ವಾದಿಸಿದರು. 1958ರಲ್ಲಿ ಗಾರ್ಡನ್ ರೌಲಿ ಇದನ್ನು ಕ್ಯಾರಲ್ಲೂಮದೊಳಗೆ ಸೇರಿಸಿದನು. ಈ ಶತಮಾನದ ಆರಂಭದಲ್ಲಿ ಅದು ಅಲ್ಲಿಂದಲೂ ಕದಲಿ, ವೈಟ್ ಮತ್ತು ಆರ್ನಾಟರು 1834ರಲ್ಲಿ ಸ್ಥಾಪಿಸಿದ್ದ ಬೌಸರೋಸಿಯಾ ಕುಲಕ್ಕೆ ಹೋಗಿ ನಿಂತಿತು. ಗವರ್ನರನ ಹೆಸರು ಕುಲದಿಂದ ಇಳಿದು ಜಾತಿಯ ಹೆಸರಾಗಿ ಉಳಿದುಕೊಂಡಿದೆ.

ಎಲೆ ಇಟ್ಟುಕೊಂಡುದರ ಮರ್ಮ ತಿಳಿದುದು 1977ರಲ್ಲಿ. ಜರ್ಮನಿಯ ಲಾಂಗೆ ಮತ್ತು ಜೂಬರ್ ಎಂಬ ಶರೀರಕ್ರಿಯಾ ವಿಜ್ಞಾನಿಗಳು ಈ ಗಿಡದ ಉಸಿರನ್ನು ಅಳೆದು, ಒಂದೇ ಸಸ್ಯದಲ್ಲಿ ಎರಡು ಬಗೆಯ ಬಾಳು ನಡೆಯುತ್ತಿರುವುದನ್ನು ತೋರಿಸಿದರು. ಸಾಮಾನ್ಯ ಗಿಡಗಳು ಹಗಲಿನಲ್ಲಿ ಪತ್ರರಂಧ್ರಗಳನ್ನು ತೆರೆದು ಇಂಗಾಲದ ಡೈಆಕ್ಸೈಡನ್ನು ಒಳಗೆಳೆದುಕೊಂಡು ಅಲ್ಲಿಯೇ ಆಗಲೇ ಆಹಾರ ಮಾಡುತ್ತವೆ; ಬೆಳವಣಿಗೆ ವೇಗವಾದುದು, ನೀರಿನ ವೆಚ್ಚವೂ ಹೆಚ್ಚಾದುದು. ಕಳ್ಳಿಯಂಥ ರಸಸಸ್ಯಗಳಾದರೋ ಬಿಸಿಲಿನಲ್ಲಿ ರಂಧ್ರಗಳನ್ನು ಬಿಗಿಯಾಗಿ ಮುಚ್ಚಿ, ರಾತ್ರಿಯ ತಂಪಿನಲ್ಲಿ ತೆರೆದು, ಒಳಗೆ ಬಂದ ಅನಿಲವನ್ನು ಮ್ಯಾಲಿಕ್ ಆಮ್ಲವಾಗಿ ಕೂಡಿಟ್ಟು, ಹಗಲಾದ ಮೇಲೆ ಮುಚ್ಚಿದ ಬಾಗಿಲ ಹಿಂದೆ ಅದನ್ನು ಬಳಸಿಕೊಳ್ಳುತ್ತವೆ. ಮಾಕಡಿಯ ಕಾಂಡ ಈ ಎರಡನೆಯ ಪಂಥದ್ದು, ಎಲೆ ಮೊದಲನೆಯ ಪಂಥದ್ದು. ಮಳೆಗಾಲದ ನಾಲ್ಕು ತಿಂಗಳು, ನೀರಿಗೆ ಕೊರತೆಯಿಲ್ಲದಾಗ, ಎಲೆಗಳು ಧಾರಾಳವಾಗಿ ದುಡಿದು ಗಿಡವನ್ನು ಬೆಳೆಸುತ್ತವೆ; ನೆಲ ಒಣಗಿದೊಡನೆ ಗಿಡ ಅವನ್ನು ಉದುರಿಸಿ, ಕಾಂಡದ ಮಿತವ್ಯಯದ ಮೇಲೆ ಎಂಟು ತಿಂಗಳು ತಳ್ಳುತ್ತದೆ. ಮುಂಗಾರೂ ಬೇಸಗೆಯೂ ಇಷ್ಟು ಖಂಡಿತವಾಗಿ ಬೇರ್ಪಟ್ಟಿರುವ ದಖ್ಖಣದ ಬಂಡೆಗೆ ಇದಕ್ಕಿಂತ ಒಪ್ಪುವ ಏರ್ಪಾಡನ್ನು ಊಹಿಸುವುದು ಕಷ್ಟ.

ಇಷ್ಟೊಂದು ಸಮರ್ಥವಾದ ಗಿಡ ವಿರಳವೇಕೆ? ಬಹುಕಾಲ ಇದು ಜುನ್ನರದ ಆಸುಪಾಸಿನಲ್ಲಿ ಮಾತ್ರವೇ ಇದೆಯೆಂದು ನಂಬಿಕೆಯಿತ್ತು. ಬಳಿಕ ವಜ್ರಗಡವೂ ಮಹಾರಾಷ್ಟ್ರದ ಇನ್ನು ಕೆಲವು ಬೆಟ್ಟಗಳೂ ಪಟ್ಟಿಗೆ ಸೇರಿದವು. ಆದರೂ ನೆಲೆಗಳು ಬೆರಳೆಣಿಕೆಯವೇ. 1978ರಲ್ಲಿ ಹೊರಬಂದ ಅಂತರರಾಷ್ಟ್ರೀಯ ಕೆಂಪು ದತ್ತಾಂಶ ಗ್ರಂಥದಲ್ಲಿ ಇದರ ಹೆಸರಿದೆ. ನನಗೆ ತೋರುವ ಮಟ್ಟಿಗೆ, ಈ ಗಿಡ ಬಂಡೆಯ ಮೋಹದಿಂದ ಬಂಡೆಗಂಟಿದುದಲ್ಲ, ಮೇಕೆಯ ಬಾಯಿಂದಲೂ ಕಾಳ್ಗಿಚ್ಚಿನಿಂದಲೂ ತಪ್ಪಿಸಿಕೊಂಡು ಉಳಿದುದು ಬಂಡೆಯಲ್ಲಿ. ಇಳಿಜಾರಿನಲ್ಲಿ ಅದು ಕಾಣಸಿಗುವುದು ಬಹುಮಟ್ಟಿಗೆ ಎಲೆಗಳ್ಳಿಯ ಮುಳ್ಳುಮೆಳೆಯ ಒಳಗೆ, ದನದ ಮೂತಿ ಹೋಗದ ಕಡೆ. ಅದರ ಬೀಜಗಳ ಪಾಡೂ ಕಷ್ಟದ್ದೇ. ಜೋಡಿಕೋಡಿನಂಥ ಕಾಯಿ ಬಿರಿದು, ರೇಷ್ಮೆಯ ಕುಚ್ಚುಳ್ಳ ಬೀಜಗಳು ಗಾಳಿಗೆ ಏಳುತ್ತವೆ. ಕೋಟೆಯ ಅಂಚಿನಿಂದ ಹಾರಿದವುಗಳಲ್ಲಿ ಎಷ್ಟು ಮರಳಿ ಬಿರುಕಿಗೆ ಸೇರುವುವು, ಎಷ್ಟು ಕೆಳಗಣ ಹೊಲದಲ್ಲಿ ಬಿದ್ದು ನೇಗಿಲಿಗೆ ಸಿಕ್ಕುವುವು ಎಂಬುದನ್ನು ಯಾರಾದರೂ ಊಹಿಸಬಹುದು.

ಕುಂಡದಲ್ಲಿ ನೋಡಿದರೆ ಇದೇ ಗಿಡದ ಚರಿತ್ರೆ ಬೇರೆಯಾಗಿದೆ. ಗೇಣುದ್ದದ ಕಾಂಡವನ್ನು ಗಿಣ್ಣಿನ ಕೆಳಗೆ ಹರಿತವಾದ ಚಾಕುವಿನಿಂದ ಕೊಯ್ದು, ನೆರಳಿನಲ್ಲಿ ಒಂದು ವಾರ ಸುಮ್ಮನೆ ಬಿಸಾಡಬೇಕು. ಕೊಯ್ದ ಬಾಯಿ ಒಣಗಿ, ಬೆರಳಿಗೆ ಚಕ್ಕೆಯಂತೆ ಗಟ್ಟಿಯಾಗಿ ತಗಲುವ ತನಕ ಮಣ್ಣಿಗೆ ತಾಗಿಸಬಾರದು. ಅವಸರಪಟ್ಟವನ ತುಂಡು ಕರಿಬಣ್ಣಕ್ಕೆ ತಿರುಗಿ ಕೊಳೆಯುತ್ತದೆ. ಬಳಿಕ ಕರಿಗಲ್ಲಿನ ಸಣ್ಣ ಜಲ್ಲಿ, ದಪ್ಪ ಮರಳು, ಇಟ್ಟಿಗೆ ಚೂರು ಇವುಗಳಿಗೆ ಒಂದು ಹಿಡಿ ಹಳೆಯ ಎಲೆಗೊಬ್ಬರ ಬೆರೆಸಿ, ಅಗಲಬಾಯಿಯ, ಆಳವಿಲ್ಲದ ಕುಂಡದಲ್ಲಿ ತುಂಡನ್ನು ನೆಡುವುದಕ್ಕಿಂತ ಮಲಗಿಸುವುದೇ ಲೇಸು. ಜ್ಯೇಷ್ಠದಲ್ಲಿ ಮಲಗಿಸಿದುದು ಶ್ರಾವಣದ ಹೊತ್ತಿಗೆ ಗಿಣ್ಣುಗಿಣ್ಣಿನಲ್ಲಿ ಬೇರು ಬಿಟ್ಟಿರುತ್ತದೆ. ಮಳೆಗಾಲದಲ್ಲಿ ನೀರು ಕೊಟ್ಟು, ಎಲೆ ಹಳದಿಯಾಗತೊಡಗಿದೊಡನೆ ಕಡಿಮೆ ಮಾಡಿ, ಚಳಿಗಾಲದಲ್ಲಿ ಬಹುತೇಕ ನಿಲ್ಲಿಸಬೇಕು. ಎಲೆಯುದುರಿದುದನ್ನು ಕಂಡು ಮರುಗಿ ತಂಬಿಗೆಗಟ್ಟಲೆ ನೀರೆರೆಯುವ ದಯಾಳುಗಳಿಂದಲೇ ಈ ಗಿಡಗಳು ಹೆಚ್ಚಾಗಿ ಸತ್ತಿವೆ. ಕಾಂಡದ ಸಂದಿಗಳಲ್ಲಿ ಬಿಳಿಯ ಹಿಟ್ಟುತಿಗಣೆ ಕೂಡುವುದುಂಟು. ಎಕ್ಕದ ಗಿಡದ ಮೇಲೆ ಮೊಟ್ಟೆಯಿಡುವ ಕಿತ್ತಳೆ ಬಣ್ಣದ ಚಿಟ್ಟೆ ಇದರ ಮೇಲೂ ಇಡುವುದರಿಂದ, ಕಪ್ಪು ಬಿಳಿ ಹಳದಿ ಪಟ್ಟೆಯ ಹುಳು ಒಂದೆರಡು ದಿನದಲ್ಲಿ ಎಲೆಗಳನ್ನೆಲ್ಲ ಮುಗಿಸಿಬಿಡಬಲ್ಲದು. ಯುರೋಪಿನವರು ತಮ್ಮ ತೇವದ ಚಳಿಯಲ್ಲಿ ಬುಡ ಕೊಳೆಯುವುದೆಂದು ಇದನ್ನು ಸಿರೊಪೀಜಿಯ ಬಳ್ಳಿಯ ಗೆಡ್ಡೆಯ ಮೇಲೆ ಕಸಿ ಮಾಡುತ್ತಾರೆ. ನಮ್ಮ ಹವೆಗೆ ಆ ಉಪಚಾರ ಅನವಶ್ಯಕ.

ಹೀಗಾಗಿ ಬೆಟ್ಟದಲ್ಲಿ ಬೆರಳೆಣಿಕೆಯ ನೆಲೆಗಳಲ್ಲಿ ಉಳಿದ ಗಿಡ ಲೋಕದ ಹಲವು ಖಂಡಗಳ ತಾರಸಿಗಳಲ್ಲಿಯೂ ಕಿಟಕಿಗಳಲ್ಲಿಯೂ ಸುಲಭವಾಗಿ ಬೆಳೆಯುತ್ತಿದೆ. 1955ರಲ್ಲಿ ಪುಣೆಯಲ್ಲಿ ಆರಂಭವಾದ ಭಾರತೀಯ ಸಸ್ಯ ಸರ್ವೇಕ್ಷಣೆಯ ಪಶ್ಚಿಮ ವಲಯದವರು ತಮ್ಮ ಪ್ರಯೋಗೋದ್ಯಾನದಲ್ಲಿ ಇದನ್ನು ಬೆಳೆಸಿ ಹೆಚ್ಚಿಸಿದರು. ಇತರ ಸಸ್ಯಸಂಶೋಧನಾ ಕೇಂದ್ರಗಳವರೂ ತುಂಡುಗಳನ್ನು ಬೇರೂರಿಸಿ, ಮತ್ತೆ ಬೆಟ್ಟಗಳಿಗೆ ಒಯ್ದು ಬಿರುಕುಗಳಲ್ಲಿ ನೆಡುವ ಕೆಲಸ ಮಾಡಿದ್ದಾರೆ. ಕೆಲಸ ಶ್ಲಾಘ್ಯವಾದುದು, ಸರಳವಾದುದಲ್ಲ. ತುಂಡಿನಿಂದ ಬೆಳೆದ ಗಿಡ ತಾಯಿಗಿಡದ ಪ್ರತಿಯೇ ಹೊರತು ಮಗುವಲ್ಲ. ಒಂದೇ ತಾಯಿಯ ಸಾವಿರ ಕುಂಡಗಳನ್ನು ಸಾಲಾಗಿ ಇಟ್ಟರೂ ಲೆಕ್ಕಕ್ಕೆ ಅದು ಒಂದು ಗಿಡ. ಒಂದು ಬೂಷ್ಟು, ಒಂದು ವಿಷಮ ವರ್ಷ ಅದಕ್ಕೆ ಹಿಡಿಸದೆ ಹೋದರೆ ಸಾವಿರಕ್ಕೂ ಹಿಡಿಸದು. ಆದುದರಿಂದ ಯಾವ ತುಂಡು ಯಾವ ಬೆಟ್ಟದ ಯಾವ ಮುಖದಿಂದ ಬಂದುದೆಂಬ ಬರಹವೇ ಗಿಡದಷ್ಟು ಬೆಲೆಯುಳ್ಳದ್ದು.

ಆ ಬರಹ ಮಾರುಕಟ್ಟೆಯಲ್ಲಿ ಸಿಗುವುದಿಲ್ಲ. ಬೆಂಗಳೂರಿನ ಒಂದು ನರ್ಸರಿಯಲ್ಲಿ ತೂಗುಕುಂಡದಿಂದ ಇಳಿಬಿದ್ದ ಮಾಕಡಿಯನ್ನು ಕಂಡು, ಇದು ಶಿವನೇರಿಯದೋ ವಜ್ರಗಡದ್ದೋ ಎಂದು ನಾನು ಕೇಳಿದಾಗ ಅಲ್ಲಿಯ ಯಜಮಾನರು, “ಪುಣೆ ಕಡೆಯಿಂದ ಬಂದದ್ದು ಸ್ವಾಮಿ, ಹೂವು ಚೆನ್ನಾಗಿ ಬಿಡ್ತದೆ, ನೀರು ಜಾಸ್ತಿ ಹಾಕಬೇಡಿ” ಎಂದರು. ಬೆಳೆಸುವ ವಿದ್ಯೆಯಲ್ಲಿ ಅವರ ಮಾತಿಗೆ ನಾನು ಸೇರಿಸಬಹುದಾದುದು ಏನೂ ಇರಲಿಲ್ಲ. ಕುಂಡದ ಮೇಲೆ ಬೆಲೆಯ ಚೀಟಿಯಿತ್ತು. ಅದರ ಕೆಳಗೆ ಬೆಟ್ಟದ ಹೆಸರು ಬರೆಯಲು ಬೇಕಾದಷ್ಟು ಜಾಗವೂ ಇತ್ತು.